ಹುಳು ಹಣ್ಣಾದ ದಿನದ ಹಾಜರಿ

ಅರಳಿಸಂದ್ರ, ಶಿಡ್ಲಘಟ್ಟ ತಾಲ್ಲೂಕು
3 ಫೆಬ್ರವರಿ 2025

ವರದಿ ಬರೆದ ಮಹನೀಯರಿಗೆ,

ನಿಮ್ಮ ಶಿಕ್ಷಣ ಅಧ್ಯಯನ ಕೇಂದ್ರದ ವರದಿಯನ್ನು ನಮ್ಮ ಪಂಚಾಯಿತಿಯವರು ಗೋಡೆಗೆ ತಲೆಕೆಳಗಾಗಿ ಅಂಟಿಸಿದ್ದರು. ನಾನು ಬಿಡಿಸಿ, ನೆಟ್ಟಗೆ ಅಂಟಿಸಿ, ಆಮೇಲೆ ಓದಿದೆ. ಓದಿದ ಮೇಲೆ ಮೊದಲಿನಂತೆಯೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹದಿನಾಲ್ಕನೆಯ ಪುಟದಲ್ಲಿ ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಬಗ್ಗೆ ಹೀಗಿದೆ: "ವಾರ್ಷಿಕ ವೆಚ್ಚ 37,80,000. ಹಾಜರಿರುವ ಮಕ್ಕಳು 21. ತಲಾ ವೆಚ್ಚ 1,80,000. ಒಂದು ಲಕ್ಷದ ಮಿತಿ ಮೀರಿರುವುದರಿಂದ ಹೊಸಪಾಳ್ಯದ ಶಾಲೆಯೊಂದಿಗೆ ವಿಲೀನಕ್ಕೆ ಶಿಫಾರಸು." ನಾಲ್ಕು ವಾಕ್ಯ, ಒಂದು ಭಾಗಾಕಾರ, ಒಂದು ಶಾಲೆ ಮುಗಿಯಿತು.

ಭಾಗಾಕಾರ ಸರಿಯಾಗಿದೆ. ನಾನೂ ಮಾಡಿ ನೋಡಿದೆ. ಆದರೆ ಆ ಇಪ್ಪತ್ತೊಂದು ಎಲ್ಲಿಂದ ಬಂತು? ದಾಖಲಾದ ಮಕ್ಕಳು ಐವತ್ತನಾಲ್ಕು, ಅದರಲ್ಲಿ ಹೆಣ್ಣುಮಕ್ಕಳು ಇಪ್ಪತ್ತೊಂಬತ್ತು. ನನ್ನ ಮನೆ ಶಾಲೆಯ ಎದುರಿಗೇ ಇದೆ. ಬೆಳಗ್ಗೆ ಪ್ರಾರ್ಥನೆಗೆ ನಿಂತ ತಲೆಗಳನ್ನು ಜಗುಲಿಯಲ್ಲಿ ಕೂತು ಎಣಿಸುವುದು ನನಗೆ ಕಾಫಿಯಷ್ಟೇ ರೂಢಿ.

ಇನ್ನೊಂದು ಪ್ರಶ್ನೆ. ಶಾಲೆ ಮುಚ್ಚಿದರೆ ಐದು ಜನ ಶಿಕ್ಷಕರ ಸಂಬಳ ಉಳಿಯುತ್ತದೆಯೇ? ಅವರು ಬೇರೆ ಶಾಲೆಗೆ ಹೋಗಿ ಅಲ್ಲಿ ಅದೇ ಸಂಬಳ ತೆಗೆದುಕೊಳ್ಳುತ್ತಾರೆ. ಉಳಿತಾಯ ಎಲ್ಲಿ, ಸ್ವಾಮಿ?

ಹೊಸಪಾಳ್ಯ ಏಳು ಕಿಲೋಮೀಟರ್. ಆ ದಾರಿ ನಿಮಗೆ ಕಾಗದದ ಮೇಲೆ ಒಂದು ಗೆರೆ. ಈ ಶಾಲೆ 2007ರಲ್ಲಿ ಬರುವ ಮುಂಚೆ ಈ ಊರಿನ ಎಷ್ಟು ಹೆಣ್ಣುಮಕ್ಕಳು ಏಳನೆಯ ತರಗತಿಗೆ ಪುಸ್ತಕ ಮಡಚಿಟ್ಟರು ಎಂದು ನನಗೆ ಹೆಸರು ಹೆಸರಾಗಿ ಗೊತ್ತಿದೆ. ನನ್ನ ಮಗಳೂ ಒಬ್ಬಳು. ಆಗ ಬಸ್ಸಿರಲಿಲ್ಲ. ನೀವು ಬೆಂಗಳೂರಿನವರಿರಬೇಕು, ನಿಮಗೆ ಇದೆಲ್ಲ ಕಥೆಯಂತೆ ಕೇಳಬಹುದು.

ವರದಿಯ ಕೊನೆಯಲ್ಲಿ ಫೋನ್ ನಂಬರು ಕೊಟ್ಟಿದ್ದೀರಿ. ನನಗೆ ಕಿವಿ ಕೇಳಿಸುವುದಿಲ್ಲ. ಕಾಗದದಲ್ಲೇ ಉತ್ತರಿಸಿ.

ಮುನಿವೆಂಕಟಪ್ಪ
(ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ತೂಕದ ಗುಮಾಸ್ತ, ನಿವೃತ್ತ, ವಯಸ್ಸು ಎಪ್ಪತ್ತೆರಡು)


ಚಿಕ್ಕಬಳ್ಳಾಪುರ
12 ಫೆಬ್ರವರಿ 2025

ಮಾನ್ಯ ಮುನಿವೆಂಕಟಪ್ಪನವರಿಗೆ,

ನಿಮ್ಮ ಪತ್ರ ತಲುಪಿದೆ. ವರದಿಯ ಆ ಭಾಗ ನಾನು ಬರೆದದ್ದು.

ನಮ್ಮ ತಂಡ 2024ರ ಸೆಪ್ಟೆಂಬರ್ 18ರಂದು ಶಾಲೆಗೆ ಭೇಟಿ ನೀಡಿತ್ತು. ಆ ದಿನ ಹಾಜರಿದ್ದ ಮಕ್ಕಳು ಇಪ್ಪತ್ತೊಂದು. ಎಲ್ಲ ಶಾಲೆಗಳಿಗೂ ಒಂದೇ ವಿಧಾನ: ಮುನ್ಸೂಚನೆಯಿಲ್ಲದ ಒಂದು ದಿನದ ಭೇಟಿ, ಆ ದಿನ ಎಣಿಸಿದ ಮಕ್ಕಳು, ವೆಚ್ಚದ ಭಾಗಾಕಾರ. ದಾಖಲಾತಿ ಕಾಗದದ ಮೇಲೆ ಎಷ್ಟು ಬೇಕಾದರೂ ಇರಬಹುದು. ಆದ್ದರಿಂದ ನಾವು ಹಾಜರಿಯನ್ನು ತೆಗೆದುಕೊಳ್ಳುತ್ತೇವೆ.

ಶಿಕ್ಷಕರ ಸಂಬಳದ ಬಗ್ಗೆ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಅದನ್ನು ಬೇರೆಯಾಗಿ ನೋಡುತ್ತಿದ್ದೇನೆ.

ಆಕ್ಷೇಪಣೆ ಸಲ್ಲಿಸಲು ಮಾರ್ಚ್ 31 ಕೊನೆಯ ದಿನ. ಅದರೊಳಗೆ ದಾಖಲೆಗಳೊಂದಿಗೆ ಬರೆದರೆ ಕಡತಕ್ಕೆ ಸೇರಿಸುತ್ತೇನೆ. ಆ ದಿನದ ಹಾಜರಿ ಸಾಮಾನ್ಯವಲ್ಲ ಎಂದು ತೋರಿಸುವುದು ನಿಮ್ಮ ಹೊಣೆ.

ನಾನು ಬೆಂಗಳೂರಿನವಳಲ್ಲ. ಗೌರಿಬಿದನೂರಿನ ಕಡೆಯವಳು.

ತನುಜ
ಸಂಖ್ಯಾಶಾಸ್ತ್ರ ವಿಭಾಗ


ಅರಳಿಸಂದ್ರ
19 ಫೆಬ್ರವರಿ 2025

ತನುಜ ಅವರೇ,

ನಮ್ಮೂರಿಗೂ ನಿಮ್ಮ ಕಚೇರಿಗೂ ಮೂವತ್ತು ಚಿಲ್ಲರೆ ಕಿಲೋಮೀಟರ್. ಅಂಚೆಗೆ ಐದು ದಿನ ಬೇಕಾಯಿತು. ಇದನ್ನೂ ಯಾರಾದರೂ ಭಾಗಿಸಿ ನೋಡಬೇಕು.

ಸೆಪ್ಟೆಂಬರ್ 18 ಎಂದು ಓದಿದ ಕೂಡಲೇ ನನ್ನ ಹೆಂಡತಿ ಮಂಗಮ್ಮ ಹಣೆ ಚಚ್ಚಿಕೊಂಡಳು. "ಅವತ್ತು ಹುಳ ಹಣ್ಣಾಗಿದ್ದ ದಿನ ಕಣಯ್ಯಾ. ಪಕ್ಕದ ಮನೆ ಎರ್ರಪ್ಪ ಉಣ್ಣಕ್ಕೂ ಕೂತಿರ್ಲಿಲ್ಲ" ಎಂದು ನನ್ನ ಕಿವಿಯೊಳಗೇ ಕೂಗಿದಳು.

ಗೌರಿಬಿದನೂರಿನ ಕಡೆ ಮುಸುಕಿನ ಜೋಳ. ನಿಮಗೆ ಗೊತ್ತಿಲ್ಲದಿದ್ದರೆ ತಪ್ಪಲ್ಲ, ಕೇಳದೆ ಬರೆದದ್ದು ತಪ್ಪು. ಈ ಊರಿನ ಎಪ್ಪತ್ತು ಮನೆಯೂ ಮರಿಹುಳುವನ್ನು ತರುವುದು ಒಂದೇ ಚಾಕಿ ಕೇಂದ್ರದಿಂದ, ಒಂದೇ ದಿನ. ಒಂದೇ ದಿನ ತಂದದ್ದು ಒಂದೇ ದಿನ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ಸುರುಳಿ ತಟ್ಟೆಯ ಮೇಲೆ ಬಿಡಬೇಕು. ಅರ್ಧ ದಿನ ತಡವಾದರೆ ಅದು ಸೊಪ್ಪಿನ ಮೇಲೇ ಗೂಡು ಸುತ್ತಿ ಕೆಡುತ್ತದೆ. ಅದಕ್ಕೆ ಎರಡು ದಿನ. ಆಮೇಲೆ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯಲು ಎರಡು ದಿನ. ಬೆಳೆಗೆ ನಾಲ್ಕು ದಿನ ಊರಿನಲ್ಲಿ ಕೈ ಇರುವವರೆಲ್ಲ ಮನೆಯಲ್ಲಿರುತ್ತಾರೆ, ಮಕ್ಕಳೂ ಸೇರಿ. ಅದು ಸರಿ ಎಂದು ನಾನು ಹೇಳುತ್ತಿಲ್ಲ. ಇದೆ ಎಂದು ಹೇಳುತ್ತಿದ್ದೇನೆ.

ನಮ್ಮ ಮಾರುಕಟ್ಟೆಯಲ್ಲಿ ನೂಲು ತೆಗೆಯಲು ಗೂಡಿನ ರಾಶಿ ಕೊಳ್ಳುವ ಬಿಚ್ಚಾಣಿಕೆದಾರ ಮೇಲಿನ ಹಿಡಿ ನೋಡಿ ಬೆಲೆ ಕೂಗಿದ್ದನ್ನು ನಾನು ಮೂವತ್ತೊಂದು ವರ್ಷದಲ್ಲಿ ಕಂಡಿಲ್ಲ. ಮೊಣಕೈವರೆಗೆ ತೋಳು ಇಳಿಸಿ ನಡುವಿನಿಂದ ಒಂದು ಹಿಡಿ, ಬುಡದಿಂದ ಒಂದು ಹಿಡಿ ತೆಗೆಯುತ್ತಾನೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಎರಡು ಗೂಡು ಕತ್ತರಿಸಿ ಒಳಗೆ ನೋಡುತ್ತಾನೆ. ಕೆಜಿಗೆ ಐನೂರು ರೂಪಾಯಿಯ ಸರಕಿಗೆ ಇಷ್ಟು. ನೀವು ಒಂದು ಶಾಲೆಗೆ ಒಂದೇ ಒಂದು ಹಿಡಿ ತೆಗೆದಿರಿ, ಅದೂ ಕೊಳೆತ ಮೂಲೆಯಿಂದ.

ಜೂನ್‌ನಿಂದ ಜನವರಿಯವರೆಗಿನ ಹಾಜರಿ ಪುಸ್ತಕದ ಜೆರಾಕ್ಸ್ ಇದರೊಂದಿಗಿದೆ. ಮುಖ್ಯೋಪಾಧ್ಯಾಯಿನಿ ಆದಿಲಕ್ಷ್ಮಮ್ಮನವರು ಕೊಡಲು ಎರಡು ದಿನ ತೆಗೆದುಕೊಂಡರು, ಅವರಿಗೆ ಕೆಲಸ ಹೆಚ್ಚು. ನೋಡಿ, ಐವತ್ಮೂರು, ಐವತ್ತನಾಲ್ಕು, ಐವತ್ಮೂರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮುನಿವೆಂಕಟಪ್ಪ


ಚಿಕ್ಕಬಳ್ಳಾಪುರ
28 ಫೆಬ್ರವರಿ 2025

ಮಾನ್ಯರೇ,

ಬೆಳೆಯ ದಿನಗಳ ಬಗ್ಗೆ ನೀವು ಬರೆದದ್ದನ್ನು ಮೂರು ಸಲ ಓದಿದೆ. ಒಂದು ಹಿಡಿಯ ಮಾತು ನನ್ನನ್ನು ಬಿಡುತ್ತಿಲ್ಲ.

ಆದರೆ ಹಾಜರಿ ಪುಸ್ತಕದ ಬಗ್ಗೆ ನಾನು ನಿಮಗೆ ನೇರವಾಗಿ ಬರೆಯಬೇಕು. ನೂರ ಅರವತ್ತು ದಿನಗಳ ಲೆಕ್ಕ ಅದರಲ್ಲಿದೆ. ನೂರ ಮೂವತ್ತೊಂದು ದಿನ 53 ಅಥವಾ 54. ಉಳಿದ ಇಪ್ಪತ್ತೊಂಬತ್ತು ದಿನ 52. ಎಂಟು ತಿಂಗಳಲ್ಲಿ ಯಾರಿಗೂ ಜ್ವರ ಬಂದಿಲ್ಲ, ಯಾರ ಮನೆಯಲ್ಲೂ ಮದುವೆಯಾಗಿಲ್ಲ, ಮಳೆ ಸುರಿದಿಲ್ಲ. ನಿಜವಾದ ಮಕ್ಕಳ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಇದು ನೀರು ತುಂಬಿಸಿಟ್ಟ ತಟ್ಟೆಯ ಹಾಗೆ ಅಲುಗಾಡದೆ ನಿಂತಿದೆ. ನೀವೇ ಬರೆದ ಬೆಳೆಯ ದಿನಗಳು ಈ ಪುಸ್ತಕದಲ್ಲಿ ಎಲ್ಲಿವೆ? ಸೆಪ್ಟೆಂಬರ್ 18ಕ್ಕೆ ಇದರಲ್ಲಿ 53 ಎಂದಿದೆ. ನಮ್ಮವರು ಎಣಿಸಿದ್ದು 21.

ಇದನ್ನು ಕಡತಕ್ಕೆ ಸೇರಿಸಿದರೆ ನಿಮ್ಮ ಆಕ್ಷೇಪಣೆ ಅಲ್ಲಿಗೇ ಬೀಳುತ್ತದೆ. ಪುಸ್ತಕ ಬರೆದವರ ಮೇಲೂ ಬೀಳುತ್ತದೆ. ನಾನು ಸೇರಿಸಿಲ್ಲ. ನನ್ನ ಮೇಜಿನ ಒಳಗಿದೆ. ನೀವು ಇದನ್ನು ತಿಳಿದೇ ಕಳಿಸಿದಿರೋ, ತಿಳಿಯದೆಯೋ, ನಾನು ಕೇಳುವುದಿಲ್ಲ.

ಬೇರೆ ಲೆಕ್ಕ ಏನಾದರೂ ಇದೆಯೇ?

ತನುಜ


ಅರಳಿಸಂದ್ರ
6 ಮಾರ್ಚ್ 2025

ತನುಜ ಅವರೇ,

ನಿಮ್ಮ ಪತ್ರವನ್ನು ಮಡಚಿ ಎರಡು ದಿನ ಪಂಚಾಂಗದೊಳಗೆ ಇಟ್ಟಿದ್ದೆ.

ನೀವು ಒಬ್ಬರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸುವ ಮೊದಲು ಅವರು ಯಾರೆಂದು ತಿಳಿಯಬೇಕು. ಆದಿಲಕ್ಷ್ಮಮ್ಮ ಚಿಂತಾಮಣಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ. ಹದಿನಾರು ವರ್ಷದಲ್ಲಿ ಪ್ರಾರ್ಥನೆಗೆ ತಡವಾಗಿ ಬಂದದ್ದನ್ನು ನಾನು ನೋಡಿಲ್ಲ. ಗಣಿತವನ್ನು ಅವರು ಹಿಪ್ಪುನೇರಳೆ ತೋಟದಲ್ಲಿ ನಿಂತು ಕಲಿಸುತ್ತಾರೆ. ಒಂದು ಕೆಜಿ ರೇಷ್ಮೆಗೆ ಏಳು ಕೆಜಿ ಗೂಡು ಬೇಕಾದರೆ ನಿಮ್ಮ ಮನೆಯ ಅರವತ್ತು ಕೆಜಿಗೆ ಎಷ್ಟು, ದಲ್ಲಾಳಿ ಹೇಳಿದ್ದು ಸರಿಯೋ ಎಂದು ಹುಡುಗಿಯರು ಬಾಯಲ್ಲೇ ಹೇಳುತ್ತಾರೆ. ಒಬ್ಬಳ ಅಪ್ಪ ನನ್ನ ಹತ್ತಿರ ಬಂದು, "ಏಮಯ್ಯಾ, ನಮ್ಮ ಹುಡುಗಿ ಮಾರ್ಕೆಟ್ಟಲ್ಲಿ ನನ್ನ ಮರ್ವಾದೆ ತೆಗೀತಾಳೆ, ಎಲ್ರ ಮುಂದೆ ಲೆಕ್ಕ ತಪ್ಪು ಅಂತಾಳೆ" ಎಂದು ದೂರಿದ. ಮುಖ ನೋಡಿದರೆ ಹಿಗ್ಗಿ ಹೀರೇಕಾಯಿಯಾಗಿತ್ತು.

2019ರಲ್ಲಿ ಸೌಜನ್ಯ ಎಂಬ ಹುಡುಗಿಗೆ ಹಾಜರಿ ಆರು ದಿನ ಕಡಿಮೆಯಾಯಿತು. ಬೆಳೆಯ ದಿನಗಳು, ಅಮ್ಮನ ಹೆರಿಗೆ, ಎಲ್ಲ ಸೇರಿ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸಲಿಲ್ಲ. ಮುಂದಿನ ವರ್ಷ ಯಾರೂ ಅವಳನ್ನು ಕಳಿಸಲಿಲ್ಲ. ಈಗ ಚಾಕಿ ಕೇಂದ್ರದಲ್ಲಿ ಸೊಪ್ಪು ಕತ್ತರಿಸುತ್ತಾಳೆ. ತರಗತಿಗೆ ಮೊದಲಿಗಳಾಗಿದ್ದವಳು. ಆದಿಲಕ್ಷ್ಮಮ್ಮ ಆ ಸಲ ನಿಯಮದಂತೆ ಬರೆದಿದ್ದರು.

ಒಂದು ಮಗು ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಓದುತ್ತದೆ ಎಂದು ಬರೆದಿರಲ್ಲ, ಓದು ನಿಂತ ಹುಡುಗಿಯಿಂದ ಊರಿಗೆ ಎಷ್ಟು ನಷ್ಟ? ಆ ಕಾಲಂ ನಿಮ್ಮ ಪಟ್ಟಿಯಲ್ಲಿ ಏಕಿಲ್ಲ?

ಬೇರೆ ಲೆಕ್ಕ ಯಾರ ಹತ್ತಿರವೂ ಇಲ್ಲ.

ಮುನಿವೆಂಕಟಪ್ಪ


ಚಿಕ್ಕಬಳ್ಳಾಪುರ
13 ಮಾರ್ಚ್ 2025

ಮುನಿವೆಂಕಟಪ್ಪನವರೇ,

ನಾನು ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. "ನಮ್ಮ ತಂಡ" ಎಂದು ಬರೆದೆ. ತಂಡವೆಂದರೆ ನಾನು ಮತ್ತು ಜೀಪಿನ ಚಾಲಕ. ಸೆಪ್ಟೆಂಬರ್ 18ರಂದು ಆ ಮಕ್ಕಳನ್ನು ಎಣಿಸಿದ್ದು ನಾನೇ. ನಿಮ್ಮ ಊರಿನೊಳಗೆ ಬರುವಾಗ ಪ್ರತಿ ಮನೆಯ ಗೋಡೆಗೂ ಬಿದಿರಿನ ದೊಡ್ಡ ಸುರುಳಿ ತಟ್ಟೆಗಳು ಒರಗಿದ್ದವು, ಮೇಲೆಲ್ಲ ಹಳದಿ ಹುಳುಗಳು ಹರಿಯುತ್ತಿದ್ದವು. ಚೆನ್ನಾಗಿದೆ ಎಂದು ಇಳಿದು ಫೋಟೋ ತೆಗೆದುಕೊಂಡೆ. ಐದು ನಿಮಿಷದ ನಂತರ ಶಾಲೆಯಲ್ಲಿ ಖಾಲಿ ಬೆಂಚುಗಳನ್ನು ನೋಡಿ ಸಂಖ್ಯೆ ಬರೆದುಕೊಂಡೆ. ಎರಡನ್ನೂ ಸೇರಿಸಿ ನೋಡಬೇಕೆಂದು ತೋಚಲಿಲ್ಲ. ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ನಿಮ್ಮ ಫೆಬ್ರವರಿ 19ರ ಪತ್ರ ಬಂದ ದಿನ ತೆಗೆದು ನೋಡಿದೆ.

ಅದೇ ಫೋನಿನಲ್ಲಿ ಇನ್ನೊಂದು ಚಿತ್ರ ಸಿಕ್ಕಿತು. ಅವತ್ತು ಬಿಸಿಯೂಟದ ಅಡುಗೆಮನೆಯ ಪುಸ್ತಕದ ಸೆಪ್ಟೆಂಬರ್ ಪುಟವನ್ನೂ ತೆಗೆದಿದ್ದೆ. ಆ ದಿನ ಅಕ್ಕಿ, ಬೇಳೆ, ಮೊಟ್ಟೆ ಹೊರಬಂದದ್ದು ಇಪ್ಪತ್ತೊಂದು ಮಕ್ಕಳಿಗೆ. ಹಾಜರಿಯಲ್ಲಿ ಐವತ್ಮೂರು ಬರೆದ ಕೈಯೇ ಮೊಟ್ಟೆಯನ್ನು ಇಪ್ಪತ್ತೊಂದು ಎಂದು ಬರೆದಿದೆ. ಕದಿಯುವವರು ಹೀಗೆ ಬರೆಯುವುದಿಲ್ಲ. ನಾನು ಅವರನ್ನು ಯಾವ ಸಾಲಿನಲ್ಲೂ ನಿಲ್ಲಿಸಿಲ್ಲ. ಹಿಂದಿನ ತಿಂಗಳ ಪುಸ್ತಕಗಳಿಗಾಗಿ ಕೇಳಿದೆ. ಅವು ತಾಲ್ಲೂಕಿಗೆ ಹೋಗಿ ಸೇರಿವೆ, ಗಡುವಿನೊಳಗೆ ಸಿಗುವುದಿಲ್ಲ.

ನಿಮ್ಮ ಮೊದಲ ಪತ್ರವನ್ನು ಮತ್ತೆ ತೆಗೆದು ಓದಿದೆ. ಪ್ರಾರ್ಥನೆಗೆ ನಿಂತ ತಲೆ ಎಣಿಸುವುದು ಕಾಫಿಯಷ್ಟೇ ರೂಢಿ ಎಂದು ಬರೆದಿದ್ದೀರಿ. ಮೂವತ್ತೊಂದು ವರ್ಷ ತೂಕ ಬರೆದವರು ಎಣಿಸಿದ್ದನ್ನು ಎಲ್ಲೂ ಬರೆದಿಡದೆ ಇರುತ್ತಾರೆಯೇ?

ಇನ್ನು ಹದಿನೆಂಟು ದಿನ ಇದೆ.

ತನುಜ


ಅರಳಿಸಂದ್ರ
22 ಮಾರ್ಚ್ 2025

ತನುಜಮ್ಮನವರೇ,

ಇದನ್ನು ಅಂಚೆಗೆ ನಂಬಿ ಕೊಡುತ್ತಿಲ್ಲ. ನಮ್ಮೂರಿನ ಬಸ್ಸಿನ ಕಂಡಕ್ಟರ್ ರಾಮಾಂಜಿನಪ್ಪ ನಿಮ್ಮ ಕೈಗೇ ಕೊಡುತ್ತಾನೆ. ಸಹಿ ಹಾಕಿಸಿಕೊಂಡು ಬಾ ಎಂದಿದ್ದೇನೆ.

ಜೊತೆಗಿರುವುದು ನಮ್ಮ ನಡುಮನೆಯ ಗೋಡೆ ಕ್ಯಾಲೆಂಡರ್, ಕಳೆದ ವರ್ಷದ್ದು ಮತ್ತು ಈ ವರ್ಷದ ಜನವರಿ ಹಾಳೆ. ಪ್ರತಿ ದಿನದ ಚೌಕದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಇದೆ. ಅದೇ ತಲೆಗಳು. ನಿಮಗೆ ಸುಳ್ಳು ಬರೆದೆ, ಬೇರೆ ಲೆಕ್ಕವಿಲ್ಲವೆಂದು. ಹಾಜರಿ ಪುಸ್ತಕ ನನ್ನ ಕ್ಯಾಲೆಂಡರಿಗೆ ಹೊಂದುವುದಿಲ್ಲವೆಂದು ಶಿಡ್ಲಘಟ್ಟದ ಜೆರಾಕ್ಸ್ ಅಂಗಡಿಯಲ್ಲಿ ನಿಂತಾಗಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಕಳಿಸಿದೆ.

ನಿಮ್ಮ ಪತ್ರ ಬಂದ ಮೇಲೆ ಕ್ಯಾಲೆಂಡರನ್ನು ಸುತ್ತಿಕೊಂಡು ಮೊದಲು ಶಾಲೆಗೆ ಹೋದೆ. ಅವರನ್ನು ಕೇಳದೆ ನಿಮಗೆ ಕಳಿಸುವುದು ನನ್ನಿಂದಾಗುತ್ತಿರಲಿಲ್ಲ. ಮಂಗಮ್ಮ ನನ್ನ ಕಿವಿಯಾಗಿ ಜೊತೆಗೆ ಬಂದಳು. ಆದಿಲಕ್ಷ್ಮಮ್ಮನವರ ದನಿ ತರಗತಿಯ ದನಿ, ಅರ್ಧ ನನಗೇ ಕೇಳುತ್ತದೆ.

"ಮೇಡಂ, ಇವ್ರು ನಿಮ್ಮ ಮಕ್ಕಳನ್ನ ಎಣಿಸ್ತಾ ಇದ್ರಂತೆ" ಎಂದಳು ಮಂಗಮ್ಮ. "ನಾನು ಹಾಲಿನ ಲೆಕ್ಕ ಅಂದ್ಕೊಂಡಿದ್ದೆ. ನಲವತ್ತೈದು ಲೀಟ್ರು ಕೊಡೋ ಹಸ ನಮ್ಮನೇಲಿ ಯಾವ್ದಿದೆ ಅಂತ ಒಂದಿನಾನಾದ್ರೂ ಯೋಚ್ನೆ ಮಾಡಿದ್ನಾ ನೋಡಿ."

ಅವರು ನಗಲಿಲ್ಲ. ಸೆಪ್ಟೆಂಬರ್ ಹಾಳೆ ತೆಗೆದು ಹದಿನೆಂಟರ ಮೇಲೆ ಬೆರಳಿಟ್ಟರು. "ಇಪ್ಪತ್ತೊಂದು. ನಾನು ಐವತ್ಮೂರು ಅಂತ ಬರ್ದಿದ್ದೀನಿ."

"ಹೂಂ ಮೇಡಂ."

"ಗೊತ್ತಿದ್ದೂ ಜೆರಾಕ್ಸ್ ಕಳಿಸಿದ್ರಾ ತಾತ?"

"ನೀವು ಬರ್ದಿದ್ದು ಅಂತ ಕಳಿಸ್ದೆ."

"ನೀವು ಕೇಳಿದ್ರಲ್ಲ ಅಂತ ನಾನು ಕೊಟ್ಟೆ. ಎರಡು ದಿನ ನಿದ್ದೆ ಬರ್ಲಿಲ್ಲ ನಂಗೆ."

ಮಂಗಮ್ಮ ಇಬ್ಬರನ್ನೂ ನೋಡಿದಳು. "ಚಾಲಾ ಬಾಗುಂದಿ, ಬಲು ಚೆಂದ. ಇಬ್ರೂ ಸೇರಿ ಒಂದೇ ಕಳ್ಳತನ ಮಾಡಿದ್ದೀರ, ಒಬ್ರಿಗೊಬ್ರು ಹೇಳ್ದೆ."

ಆಗ ಅವರು ನಕ್ಕರು. ನಕ್ಕು, ಡೆಸ್ಕಿನಿಂದ ಒಂದು ಹಾಳೆ ತೆಗೆದು ಬರೆಯಲು ಕೂತರು. ನಾನು ಬೇಡವೆಂದೆ. ಅವರಿಗೆ ಇನ್ನು ನಾಲ್ಕು ವರ್ಷ ಸರ್ವೀಸು ಇದೆ. "ಶಾಲೆ ಹೋದ್ರೆ ನನ್ನನ್ನ ಹೊಸಪಾಳ್ಯಕ್ಕೆ ಹಾಕ್ತಾರೆ ತಾತ. ನಂಗೆ ಚಿಂತಾಮಣಿಯಿಂದ ಅಲ್ಲಿಗೆ ಒಂದೇ ಬಸ್ಸು. ಸಲೀಸು. ಇವ್ರಿಗೆ?" ಎಂದು ಕಿಟಕಿಯ ಹೊರಗೆ ತೋರಿಸಿದರು. ಹುಡುಗಿಯರು ತಟ್ಟೆ ತೊಳೆಯುತ್ತಿದ್ದರು.

ಆ ಹಾಳೆಯೂ ಇದರೊಳಗಿದೆ. ಬೆಳೆಯ ದಿನಗಳಲ್ಲೂ ಬೇರೆ ದಿನಗಳಲ್ಲೂ ಗೈರಾದ ಮಕ್ಕಳನ್ನು ಹಾಜರೆಂದು ಬರೆದವಳು ನಾನೊಬ್ಬಳೇ, ಮುನಿವೆಂಕಟಪ್ಪನವರ ಲೆಕ್ಕ ಸರಿ, ನನ್ನದು ತಪ್ಪು ಎಂದು ಬರೆದು ಸಹಿ ಹಾಕಿದ್ದಾರೆ. ನನ್ನ ಆಯುಷ್ಯದಲ್ಲಿ ಬಹಳ ದೊಡ್ಡ ಮನುಷ್ಯರ ಸಹಿಗಳನ್ನು ನೋಡಿದ್ದೇನೆ. ಇಷ್ಟು ದೊಡ್ಡದನ್ನು ನೋಡಿರಲಿಲ್ಲ.

ಅವರು ಬರೆದ ಮೇಲೆ ನಾನೊಬ್ಬನೇ ಉಳಿದುಕೊಳ್ಳುವುದು ಸರಿಯಲ್ಲ. ಮೊದಲ ಪತ್ರದಲ್ಲಿ ನನ್ನ ಮಗಳು ಓದು ಬಿಟ್ಟಾಗ ಬಸ್ಸಿರಲಿಲ್ಲ ಎಂದು ಬರೆದೆ. ಇಪ್ಪತ್ತೊಂಬತ್ತು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಬಸ್ಸಿತ್ತು. 1996ರ ಜೂನ್‌ನಲ್ಲಿ ಹೊಸಪಾಳ್ಯಕ್ಕೆ ಬೆಳಗ್ಗೆ ಎಂಟೂವರೆಗೆ ಒಂದು ಬಸ್ಸು ಹಾಕಿದ್ದರು. ಮುನಿಲಕ್ಷ್ಮಿ ಏಳನೆಯದರಲ್ಲಿ ಲೆಕ್ಕಕ್ಕೆ ನೂರಕ್ಕೆ ತೊಂಬತ್ತೆಂಟು ತೆಗೆದಿದ್ದಳು. ಆ ವರ್ಷ ಆರು ಬೆಳೆ ಹಾಕಿದ್ದೆವು. ಹುಳು ಆರಿಸಲು ಅವಳಷ್ಟು ಚುರುಕು ಕೈ ಮನೆಯಲ್ಲಿ ಇನ್ನೊಂದಿರಲಿಲ್ಲ. ಈ ಬೆಳೆ ಮುಗಿಯಲಿ ಎಂದೆ. ಆಮೇಲೆ ಇನ್ನೊಂದು ಬೆಳೆ. ದೀಪಾವಳಿಯ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಳು.

ಇದನ್ನು ಕಡತಕ್ಕೆ ಸೇರಿಸಬೇಡಿ.

ಮುನಿವೆಂಕಟಪ್ಪ


ಚಿಕ್ಕಬಳ್ಳಾಪುರ
29 ಮಾರ್ಚ್ 2025

ಮುನಿವೆಂಕಟಪ್ಪನವರಿಗೆ ನಮಸ್ಕಾರ.

ರಾಮಾಂಜಿನಪ್ಪನವರು ಸಹಿಯ ಜೊತೆಗೆ ನನ್ನ ಗುರುತಿನ ಚೀಟಿಯನ್ನೂ ಕೇಳಿದರು.

ನಿಮ್ಮ ಸಂಖ್ಯೆಗಳನ್ನು ನಂಬುವ ಮೊದಲು ಪರೀಕ್ಷಿಸಿದೆ, ಬೇಸರಪಡಬೇಡಿ. ಅಡುಗೆಮನೆಯ ಪುಟದಲ್ಲಿ ಸೆಪ್ಟೆಂಬರಿನ ಹದಿಮೂರು ಶಾಲಾ ದಿನಗಳಿವೆ. ಹನ್ನೊಂದು ದಿನ ನಿಮ್ಮ ಪೆನ್ಸಿಲಿನ ಅಂಕಿಯೂ ಮೊಟ್ಟೆಯ ಅಂಕಿಯೂ ಒಂದೇ. ಎರಡು ದಿನ ಒಂದರ ವ್ಯತ್ಯಾಸ. ಯಾರೋ ಒಂದು ಮಗು ಊಟಕ್ಕೆ ಮನೆಗೆ ಹೋಗಿರಬೇಕು. ಬೀದಿಯಾಚೆಯ ಜಗುಲಿಯಿಂದ, ಎಪ್ಪತ್ತೆರಡರ ಕಣ್ಣಿನಲ್ಲಿ. ನಮ್ಮ ಕೇಂದ್ರದ ಯಾವ ಸಮೀಕ್ಷೆಯೂ ಇಷ್ಟು ಹತ್ತಿರ ಬಂದಿಲ್ಲ.

ಲೆಕ್ಕ ಇಲ್ಲಿದೆ. ಸಾಮಾನ್ಯ ದಿನಗಳು 140, ಸರಾಸರಿ 45 ಮಕ್ಕಳು. ಐದು ಬೆಳೆ, ಬೆಳೆಗೆ ನಾಲ್ಕು ದಿನದಂತೆ 20 ದಿನಗಳು, ಸರಾಸರಿ 21. ಎಲ್ಲ ಕೂಡಿಸಿದರೆ 6,720. ಅದನ್ನು 160ರಿಂದ ಭಾಗಿಸಿದರೆ 42. ಮೂವತ್ತೇಳು ಲಕ್ಷದ ಎಂಬತ್ತು ಸಾವಿರವನ್ನು 42ರಿಂದ ಭಾಗಿಸಿದರೆ ತೊಂಬತ್ತು ಸಾವಿರ. ಮಿತಿಯ ಒಳಗೆ.

ನೂರ ಅರವತ್ತರಲ್ಲಿ ಇಪ್ಪತ್ತು ದಿನ ಹಾಗಿದ್ದವು. ಎಂಟರಲ್ಲಿ ಒಂದು. ನಾನು ಆ ಒಂದರ ದಿನ ಬಂದೆ.

ಶಿಕ್ಷಕರ ಸಂಬಳ ಉಳಿಯುವುದಿಲ್ಲ ಎಂಬ ನಿಮ್ಮ ಮಾತನ್ನೂ ಸೇರಿಸಿದ್ದೇನೆ. ಜೊತೆಗೆ ವರದಿ ಬಿಟ್ಟಿದ್ದ ಒಂದು ಖರ್ಚನ್ನೂ. ಹೊಸಪಾಳ್ಯಕ್ಕೆ ಆಟೋಗೆ ಮಗುವಿಗೆ ತಿಂಗಳಿಗೆ 900, ಹತ್ತು ತಿಂಗಳಿಗೆ 9,000, ಐವತ್ತನಾಲ್ಕು ಮಕ್ಕಳಿಗೆ 4,86,000. ನಾವು ಉಳಿತಾಯ ಎಂದು ಕರೆದದ್ದು ಪೋಷಕರ ಜೇಬಿನಿಂದ ಹೋಗುತ್ತಿತ್ತು.

ನೀವು ಕೇಳಿದ ಕಾಲಂ ಅನ್ನು ತುಂಬಲು ನಾಲ್ಕು ಸಂಜೆ ಕೂತೆ. ಹತ್ತನೆಯದು ಮುಗಿಸಿದವಳ ಸಂಪಾದನೆ, ಮುಗಿಸದವಳ ಸಂಪಾದನೆ, ಮುಂದಿನ ಮೂವತ್ತು ವರ್ಷದ ವ್ಯತ್ಯಾಸ, ಅದನ್ನು ಬಡ್ಡಿ ದರದಲ್ಲಿ ಇಳಿಸಿ ಇಂದಿನ ಬೆಲೆ. ಒಂದು ಸಂಖ್ಯೆ ಬಂತು, ದೊಡ್ಡದು. ನಮ್ಮ ಪರವಾಗಿಯೇ ಇತ್ತು. ಆದರೂ ಹಾಕಲಿಲ್ಲ. ಅದು ಎಂಟು ಊಹೆಗಳ ಮೇಲೆ ನಿಂತಿತ್ತು. ಒಂದು ಹಿಡಿ ನೋಡಿ ಬೆಲೆ ಕೂಗುವುದನ್ನು ನಿಮ್ಮ ದೆಸೆಯಿಂದ ಬಿಟ್ಟಿದ್ದೇನೆ. ಕಾಲಂ ಅನ್ನು ಮಾತ್ರ ಪಟ್ಟಿಯಲ್ಲಿ ಖಾಲಿಯಾಗಿ ಉಳಿಸಿದ್ದೇನೆ, ಇಂಥದ್ದೊಂದು ಇದೆ, ನಮಗೆ ಅಳೆಯಲು ಬರಲಿಲ್ಲ ಎಂಬ ಅಡಿಟಿಪ್ಪಣಿಯೊಂದಿಗೆ.

ತಪ್ಪು ಎಣಿಕೆ ನನ್ನದು ಎಂದು ಅನುಬಂಧದಲ್ಲಿ ಹೆಸರು ಹಾಕಿ ಬರೆದಿದ್ದೇನೆ. ಆದಿಲಕ್ಷ್ಮಮ್ಮನವರ ಹಾಳೆಯನ್ನು ನೋಡಿದ ಮೇಲೆ "ನಮ್ಮ ತಂಡ" ಎಂದು ಬರೆಯಲು ಕೈ ಬರಲಿಲ್ಲ. ಅವರ ಮೇಲೆ ಕ್ರಮ ಆಗದಿರಲಿ ಎಂದು ನಾನು ಹೇಳಲಾರೆ, ಆಗಬಹುದು. ಮೊಟ್ಟೆಯ ಪುಟವನ್ನು ಅವರ ಹಾಳೆಗೆ ಪಿನ್ ಮಾಡಿದ್ದೇನೆ. ಓದುವವರು ಎರಡನ್ನೂ ಒಟ್ಟಿಗೆ ಓದಲಿ.

ಇದೇ ವಿಧಾನದಲ್ಲಿ ಎಣಿಸಿದ ಇನ್ನೂ ಹನ್ನೊಂದು ಶಾಲೆಗಳಿವೆ. ಅಲ್ಲಿ ಯಾವ ಬೆಳೆ, ಯಾವ ದಿನ ಎಂದು ಈಗ ಕೇಳಬೇಕು. ಆ ಊರುಗಳ ಜಗುಲಿಗಳಲ್ಲಿ ನಿಮ್ಮಂಥವರು ಸಿಗುತ್ತಾರೋ ಇಲ್ಲವೋ.

ಮಗಳ ಬಗ್ಗೆ ಬರೆದ ಕೊನೆಯ ಪುಟವನ್ನು ಕಡತಕ್ಕೆ ಸೇರಿಸಿಲ್ಲ. ಆದರೆ ಅದು ನನಗೆ ಬರೆಯಬೇಕಾದ ಪತ್ರವಾಗಿರಲಿಲ್ಲ ಅನ್ನಿಸಿತು.

ತನುಜ


ಅರಳಿಸಂದ್ರ
10 ಜೂನ್ 2025

ತನುಜಮ್ಮ,

ಎರಡು ತಿಂಗಳು ಬರೆಯಲಿಲ್ಲ. ಆದೇಶ ಬರುವವರೆಗೆ ಬರೆಯಬಾರದೆಂದು ಹಟ ಹಿಡಿದಿದ್ದೆ. ಮೇ ಕೊನೆಗೆ ಬಂತು. ವಿಲೀನವಿಲ್ಲ. ಮೂರು ವರ್ಷ ನೋಡಿ ಮತ್ತೆ ಪರಿಶೀಲಿಸುತ್ತಾರಂತೆ. ಪಂಚಾಯಿತಿಯವರು ಈ ಸಲ ನೆಟ್ಟಗೆ ಅಂಟಿಸಿದರು.

ಆದಿಲಕ್ಷ್ಮಮ್ಮನವರಿಗೆ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದಿದ್ದಾರೆ. ಅರ್ಜಿ ಬರೆಯುತ್ತೇನೆಂದರೆ, "ಸುಮ್ನಿರಿ ತಾತ, ಅದು ನಾನು ಕಟ್ಟಬೇಕಾಗಿದ್ದ ಫೀಸು" ಎಂದು ಬೈದರು. ಚಾಕಿ ಕೇಂದ್ರದಿಂದ ಮರಿಹುಳು ಕೊಡುವ ದಿನಗಳ ವರ್ಷದ ಪಟ್ಟಿ ತರಿಸಿಕೊಂಡಿದ್ದಾರೆ. ತಂದುಕೊಟ್ಟವಳು ಸೌಜನ್ಯ. ಆ ಹುಡುಗಿಯನ್ನು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿಸುತ್ತಿದ್ದಾರೆ, ಸಂಜೆ ಶಾಲೆಯಲ್ಲೇ ಪಾಠ. ಇನ್ನು ಮೇಲೆ ಹುಳು ಹಣ್ಣಾಗುವ ದಿನಕ್ಕೇ ಸ್ಥಳೀಯ ರಜೆ, ಬದಲಿಗೆ ಶನಿವಾರ ಮಧ್ಯಾಹ್ನ ತರಗತಿ. ರಜೆಗೆ ಸಿಗದ ದಿನ ಗೈರಾದವರನ್ನು ಗೈರೆಂದೇ ಬರೆಯುತ್ತಾರೆ, ಸಂಜೆ ಅವರ ಮನೆಗೆ ಹೋಗಿ ಚಂದ್ರಿಕೆಯ ಪಕ್ಕ ನಿಂತು ಅಂದಿನ ಪಾಠ ಹೇಳುತ್ತಾರೆ. ಶಾಲೆಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಹಾಕಿಸಿದ್ದಾರೆ, ಅವತ್ತಿನ ಹಾಜರಿ ಊರಿಗೆಲ್ಲ ಕಾಣುವಂತೆ. ಮೊದಲ ವಾರ ಅವರ ಹಲಗೆಯೂ ನನ್ನ ಕ್ಯಾಲೆಂಡರೂ ದಿನವೂ ಒಂದೇ. ಇಷ್ಟು ವರ್ಷ ಎಣಿಸಿದ್ದಕ್ಕೆ ಇದೇ ಮೊದಲು.

ಆ ಪತ್ರ ನಿಮಗೆ ಬರೆಯಬೇಕಾಗಿರಲಿಲ್ಲ ಎಂದಿರಿ. ನನಗೆ ಅದು ಮುಳ್ಳಿನಂತೆ ಉಳಿಯಿತು. ಏಪ್ರಿಲ್‌ನಲ್ಲಿ ಕೈವಾರಕ್ಕೆ, ಮುನಿಲಕ್ಷ್ಮಿಯ ಮನೆಗೆ ಹೋದೆ. ಅವಳಿಗೆ ಈಗ ನಲವತ್ತೊಂದು. ಯಾತ್ರಿಕರಿಗೆ ಊಟ ಹಾಕುವ ಚಿಕ್ಕ ಹೋಟೆಲು ನಡೆಸುತ್ತಾಳೆ. ಮೂವತ್ತು ಎಲೆಯ ಲೆಕ್ಕವನ್ನು ಕಾಗದವಿಲ್ಲದೆ ಹೇಳುತ್ತಾಳೆ. ಹೇಗೆ ಆರಂಭಿಸಬೇಕೆಂದು ಗೊತ್ತಾಗದೆ, "ಬಸ್ಸಿತ್ತು ಕಣಮ್ಮ" ಎಂದಷ್ಟೇ ಅಂದೆ. ನನಗೆ ಕೇಳಿಸಲೆಂದು ಅವಳು ಹೋಟೆಲಿನ ಚೀಟಿಯ ಹಿಂದೆ ಬರೆದು ತೋರಿಸಿದಳು: "ಗೊತ್ತು ಅಪ್ಪ. ಹುಳು ಆರಿಸ್ತಾ ದಿನಾ ಅದು ಹೋಗೋದನ್ನ ನೋಡ್ತಿದ್ದೆ."

ಎಲೆ ಹಾಕಿ ಊಟ ಬಡಿಸಿದಳು.

ನಿನ್ನೆ ಸೋಮವಾರ ಅವಳು ಇಲ್ಲಿಗೆ ಬಂದಳು, ಮಂಗಮ್ಮನನ್ನು ನೋಡಲು. ಬೆಳಗ್ಗೆ ಶಾಲೆಯನ್ನು ನೋಡಿ ಬರುತ್ತೇನೆಂದು ಬೀದಿ ದಾಟಿದಳು. ಪ್ರಾರ್ಥನೆಯ ಗಂಟೆಯಾಯಿತು. ನಾನು ಜಗುಲಿಯಲ್ಲಿ ಕೂತು ಎಣಿಸಿದೆ, ಒಂದು ತುದಿಯಿಂದ, ಮತ್ತೆ ಇನ್ನೊಂದು ತುದಿಯಿಂದ. ನಲವತ್ತೇಳು. ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ಬರೆದೆ. ಹೊರಗೆ ಬಂದು ನೋಡಿದರೆ ಹಲಗೆಯ ಮೇಲೆ ನಲವತ್ತಾರು.

ಎಣಿಕೆಯಲ್ಲಿ ನನಗೆ ಜಂಬ ಇರುವುದು ನಿಮಗೆ ಗೊತ್ತು. ಮಂಗಮ್ಮನನ್ನೂ ಕರೆದುಕೊಂಡು ಶಾಲೆಯ ಬಾಗಿಲಿಗೆ ಹೋದೆ. ಆದಿಲಕ್ಷ್ಮಮ್ಮ ಹುಡುಗಿಯರ ಸಾಲಿನ ಕೊನೆಗೆ ಕೈ ತೋರಿಸಿದರು. ಸಾಲುಗಳು ಒಳಗೆ ಹೋಗುತ್ತಿದ್ದವು. ಎಂಟನೆಯ ತರಗತಿಯ ಹುಡುಗಿಯರ ಹಿಂದೆ, ಕೈಮುಗಿದ ಹಾಗೆಯೇ, ಮುನಿಲಕ್ಷ್ಮಿ ನಿಂತಿದ್ದಳು.

ಅವರ ಹಲಗೆ ಸರಿ. ನೀವು ಸರಾಸರಿ ತೆಗೆಯುವಾಗ ಜೂನ್ 9ರಲ್ಲಿ ಒಂದನ್ನು ಕಳೆದುಕೊಳ್ಳಿ. ಕ್ಯಾಲೆಂಡರಿನಲ್ಲಿ ಮಾತ್ರ ನಾನು ತಿದ್ದಿಲ್ಲ.

ಮುನಿವೆಂಕಟಪ್ಪ